ದಾರ ಕಟ್ಟಿದ ಕೀಬೋರ್ಡು

ಪ್ರಶ್ನಾವಳಿ ಬಂದಾಗ ದಸರೆಗೆ ಹತ್ತು ದಿನ ಇತ್ತು. ಪೀಣ್ಯದಲ್ಲಿ ಬಾಯ್ಲರ್‌ಗಳಿಗೆ ಸೇಫ್ಟಿ ವಾಲ್ವ್ ತಯಾರಿಸುವ ಕಾರ್ಖಾನೆಗೆ ಅದರ ದೊಡ್ಡ ಗಿರಾಕಿಯೊಬ್ಬರು ಕಳಿಸಿದ್ದ ಪ್ರಶ್ನಾವಳಿ. ನಿಮ್ಮ ದಾಖಲೆಗಳು ಎಲ್ಲಿವೆ, ಯಾರು ನೋಡಬಹುದು, ಬ್ಯಾಕಪ್ ಇದೆಯೇ ಎಂದು ಪುಟಗಟ್ಟಲೆ ಕೇಳಿದ್ದರು. ಅದರಲ್ಲೊಂದು ಪ್ರಶ್ನೆ ಹೀಗಿತ್ತು: ‘ನಿಮ್ಮ ಡೇಟಾಬೇಸ್ ಸರ್ವರ್‌ಗಳಲ್ಲಿ ಬೆದರಿಕೆ ಪತ್ತೆ ವ್ಯವಸ್ಥೆ ಚಾಲೂ ಇದೆಯೇ? ಹೌದು ಅಥವಾ ಇಲ್ಲ.’ ಅನುಮಾನಾಸ್ಪದವಾಗಿ ಯಾರಾದರೂ ಒಳಗೆ ಬಂದರೆ ಎಚ್ಚರಿಕೆ ಕಳಿಸುವ ವ್ಯವಸ್ಥೆ ಅದು. ಕಾರ್ಖಾನೆಯ ಐಟಿ ಮ್ಯಾನೇಜರ್ ನನಗೆ ಫೋನ್ ಮಾಡಿ, “ಮೇಡಂ, ಅದೊಂದನ್ನ ಹೌದು ಮಾಡ್ಕೊಡಿ, ಹಬ್ಬ ಮುಗ್ದ ಮೇಲೆ ಕಳಿಸ್ಬೇಕು” ಅಂದರು.

ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಸಣ್ಣ ಕಂಪನಿಯಲ್ಲಿ ಡೇಟಾಬೇಸ್ ನೋಡಿಕೊಳ್ಳುವವಳು. ಇಂಥ ಹತ್ತಾರು ಕಾರ್ಖಾನೆಗಳ ದಾಖಲೆಗಳು ಕ್ಲೌಡ್‌ನಲ್ಲಿ, ಅಂದರೆ ಬೇರೆಯವರ ಬಾಡಿಗೆ ಯಂತ್ರಗಳಲ್ಲಿ ಕೂತಿರುತ್ತವೆ. ಅವು ಕೂತಲ್ಲೇ ಇರುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಆಫೀಸಿನಲ್ಲಿ ಹೇಳುತ್ತಾರೆ. ಸುಳ್ಳಲ್ಲ. ಆದರೆ ಈ ಕೆಲಸದಲ್ಲಿ ನಾನು ಸಿಟ್ಟಾಗಬೇಕಾದದ್ದು ಯಾರ ಮೇಲೆ ಎಂದು ಗೊತ್ತಾಗಲು ಮೂರು ವಾರ ಹಿಡಿಯಿತು.

ಕಾರ್ಖಾನೆಗೆ ಎರಡು ಡೇಟಾಬೇಸ್ ಸರ್ವರ್ ಇದ್ದವು. ಹೊಸದರಲ್ಲಿ ಆರ್ಡರು, ಸ್ಟಾಕು. ಹಳೆಯದರಲ್ಲಿ ವಾಲ್ವ್‌ಗಳ ಪರೀಕ್ಷೆಯ ದಾಖಲೆ. ಪ್ರತಿ ವಾಲ್ವನ್ನೂ ಟೆಸ್ಟ್ ಬೆಂಚಿನ ಮೇಲೆ ಕೂರಿಸಿ, ಒತ್ತಡ ಏರಿಸಿ, ಎಷ್ಟಕ್ಕೆ ಬಾಯಿ ತೆರೆಯಿತು, ಎಷ್ಟಕ್ಕೆ ಮುಚ್ಚಿತು ಎಂದು ಅಲ್ಲೇ ಇರುವ ಕಂಪ್ಯೂಟರಿಗೆ ತುಂಬುತ್ತಾರೆ. ಆ ದಾಖಲೆಯಿಲ್ಲದೆ ವಾಲ್ವ್ ಗೇಟು ದಾಟುವಂತಿಲ್ಲ. ಕ್ಲೌಡ್ ಖಾತೆಯ ಭದ್ರತೆ ಪುಟಕ್ಕೆ ಹೋಗಿ, ಡೇಟಾಬೇಸ್ ಎಂಬ ಸಾಲಿನ ಎದುರಿನ ಗುಂಡಿಯನ್ನು ಒತ್ತಿದೆ. ಹೊಸ ಸರ್ವರ್ ಹಸಿರಾಯಿತು. ಹಳೆಯದು ಬೂದು ಬಣ್ಣದಲ್ಲೇ ಉಳಿಯಿತು. ಅದು ತೀರಾ ಕೆಳಗಿನ ದರ್ಜೆಯ ಸರ್ವರ್, ಆ ದರ್ಜೆಗೆ ಈ ಸೌಲಭ್ಯ ಇಲ್ಲ. ಒಂದು ದರ್ಜೆ ಮೇಲಕ್ಕೆ ಏರಿಸಬೇಕು, ಏರಿಸಿದರೆ ಕೆಲವು ನಿಮಿಷ ಸರ್ವರ್ ನಿಂತು ಮತ್ತೆ ಶುರುವಾಗುತ್ತದೆ.

“ಯಾವಾಗ ನಿಲ್ಲಿಸ್ಲಿ?” ಅಂತ ಮ್ಯಾನೇಜರನ್ನು ಕೇಳಿದೆ.

“ಈಗ ಬೇಡ ಮೇಡಂ, ಡಿಸ್ಪ್ಯಾಚ್ ಟೈಟಾಗಿದೆ. ಹಬ್ಬದ ವಾರ ಹೇಗಿದ್ರೂ ಯಾರೂ ಇರಲ್ಲ, ಆಗ್ಲೇ ಎಲ್ಲಾ ಮುಗಿಸ್ಬಿಡಿ.”

ನಮ್ಮ ಕಸುಬಿನ ನಿಯಮವೂ ಅದೇ. ಕೆಲಸ ಕಡಿಮೆ ಇರುವಾಗ ಬದಲಾವಣೆ ಮಾಡು. ಹೊಸ ಸರ್ವರ್‌ನದನ್ನೂ ಅಲ್ಲಿಯ ತನಕ ಆರಿಸಿಟ್ಟು, ಹಬ್ಬದ ವಾರ ಶುರುವಾದ ಶನಿವಾರ ಹಳೆಯದರ ದರ್ಜೆ ಏರಿಸಿ ಎರಡಕ್ಕೂ ಗುಂಡಿ ಒತ್ತಿದೆ, ಎರಡೂ ಸರ್ವರ್ ಹಸಿರಾದವು. ಎಚ್ಚರಿಕೆಗಳು ಬರಬೇಕಾದ ವಿಳಾಸವಾಗಿ ನಮ್ಮ ತಂಡದ ಸಾಮಾನ್ಯ ಮೇಲ್‌ಬಾಕ್ಸ್ ಕೊಟ್ಟೆ. ಈ ವ್ಯವಸ್ಥೆ ಮೊದಲ ಕೆಲವು ದಿನ ಸುಮ್ಮನೆ ಗಮನಿಸುತ್ತದೆ. ಯಾವ ಐಡಿ, ಯಾವ ಹೊತ್ತಿಗೆ, ಎಲ್ಲಿಂದ ಬರುತ್ತದೆ, ಎಷ್ಟು ಓದುತ್ತದೆ ಎಂದು ನೋಡಿ, ಅದನ್ನೇ ಮಾಮೂಲು ಎಂದು ಕಲಿತುಕೊಳ್ಳುತ್ತದೆ. ಕಲಿಯಲಿ ಬಿಡು ಅಂದುಕೊಂಡೆ. ಕಾರ್ಖಾನೆ ಬಾಗಿಲು ಹಾಕಿರುವ ವಾರದಲ್ಲಿ ಅದು ಏನನ್ನು ಕಲಿತೀತು ಎಂಬ ಯೋಚನೆ ನನ್ನ ತಲೆಗೆ ಬರಲೇ ಇಲ್ಲ.

ಭಾನುವಾರವೇ ಕಿರಿಕಿರಿ ಶುರುವಾಯಿತು. ಹಳೆ ಸರ್ವರ್‌ನಲ್ಲಿ ತಪ್ಪು ಪಾಸ್‌ವರ್ಡ್‌ನಿಂದ ಲಾಗಿನ್ ಪ್ರಯತ್ನ ಎಂದು ಒಂದರ ಹಿಂದೊಂದು ಮೇಲ್. ನೋಡಿದರೆ ಲೇಬಲ್ ಮುದ್ರಿಸುವ ಕಂಪ್ಯೂಟರು. ಅದಕ್ಕೆ ಯಾರೋ ಹಳೆಯ ಪಾಸ್‌ವರ್ಡ್ ಕೊಟ್ಟು ಮರೆತಿದ್ದರು, ಅದು ನಿಮಿಷಕ್ಕೊಮ್ಮೆ ಬಾಗಿಲು ಬಡಿಯುತ್ತಿತ್ತು. ಅದನ್ನು ಸರಿಪಡಿಸಲು ಕಾರ್ಖಾನೆಯಲ್ಲಿ ಯಾರೂ ಇರಲಿಲ್ಲ. ತಲೆ ಚಿಟ್ಟು ಹಿಡಿದು, ಹಳೆ ಸರ್ವರ್‌ನ ಇಂಥ ಎಚ್ಚರಿಕೆಗಳನ್ನೆಲ್ಲ ತಾನಾಗಿ ಮುಚ್ಚಿಹಾಕುವ ಒಂದು ನಿಯಮ ಬರೆದೆ. ಮೇಲ್‌ಬಾಕ್ಸ್ ತಣ್ಣಗಾಯಿತು.

ಬುಧವಾರ ಆಯುಧ ಪೂಜೆ. ಕಾರ್ಖಾನೆಯವರು ಪ್ರತಿ ವರ್ಷ ಕರೆಯುತ್ತಾರೆ, ಈ ಸಲ ಹೋದೆ. ಚಂದಾಪುರದಲ್ಲಿರುವ ನನಗೆ ಪೀಣ್ಯ ಊರಿನ ಆ ತುದಿ. ಬೊಮ್ಮಸಂದ್ರದಿಂದ ಮೆಟ್ರೊ ಬಂದ ಮೇಲೆ ಹೋಗಲು ಮನಸ್ಸಾದರೂ ಆಗುತ್ತದೆ. ಲೇತುಗಳಿಗೆಲ್ಲ ಬಾಳೆಕಂದು ಕಟ್ಟಿದ್ದರು. ಫೋರ್ಕ್‌ಲಿಫ್ಟಿನ ಚಕ್ರಗಳ ಕೆಳಗೆ ನಿಂಬೆಹಣ್ಣು. ಟೆಸ್ಟ್ ರೂಮಿನ ಪೂಜೆ ಅಲ್ಲಿನ ಅಕ್ಕನದು. ಏಳು ವರ್ಷದಿಂದ ಆ ಬೆಂಚು ನಡೆಸುತ್ತಿರುವವರು, ಕೊಪ್ಪಳದ ಕಡೆಯವರು, ಮಾಕಳಿಯಲ್ಲಿ ಒಂದು ಬಾಡಿಗೆ ರೂಮಿನಲ್ಲಿ ತಂಗಿಯ ಜೊತೆ ಇದ್ದಾರೆ. ಇನ್ನೂ ಕಾಂಟ್ರಾಕ್ಟ್ ಕೆಲಸಗಾರ್ತಿ. ದಸರೆ ಕಳೆದ ಮೇಲೆ ಕಾಯಂ ಮಾಡುವ ಪಟ್ಟಿಯಲ್ಲಿ ಅವರ ಹೆಸರಿತ್ತು. ಅದನ್ನು ಅವರೇ ನನಗೆ ಫೋನಿನಲ್ಲಿ ಹೇಳಿದ್ದರು, ಲಾಗಿನ್ ಆಗ್ತಿಲ್ಲ ಅಂತ ಕರೆ ಮಾಡಿದಾಗ, ಸುಮ್ಮನೆ ಮಾತಿನ ನಡುವೆ.

ಬೆಂಚಿನ ಗೇಜುಗಳಿಗೆಲ್ಲ ವಿಭೂತಿ ಎಳೆದು, ಕಂಪ್ಯೂಟರಿಗೆ ಕುಂಕುಮ ಇಟ್ಟು, ಕೀಬೋರ್ಡಿನ ಸುತ್ತ ಅರಿಶಿನದ ದಾರ ಸುತ್ತಿ ಗಂಟು ಹಾಕಿ, ಅದರ ಮೇಲೆ ಒಂದು ಸೇವಂತಿಗೆ ಇಟ್ಟಿದ್ದರು. ಬಂದದ್ದಕ್ಕೆ ಸಂಪರ್ಕ ಸರಿ ಇದೆಯಾ ಅಂತ ಒಮ್ಮೆ ನೋಡಿಬಿಡೋಣ ಎಂದು ನಾನು ಮೌಸಿಗೆ ಕೈ ಹಾಕಿದೆ.

“ಏ ಏ, ಮುಟ್ಟಬ್ಯಾಡ್ರಿ ಮೇಡಮ್ಮಾರ” ಅಂದರು ಅಕ್ಕ. “ಇವತ್ತ ಅದಕ್ಕ ರಜಾ. ಪ್ಲಗ್ಗೂ ತಗದೇನಿ. ನಾಳಿ ಪೂಜಿ ಮಾಡಿ ನಾನ ದಾರ ಬಿಚ್ಚೂದು.”

“ಎರಡೇ ನಿಮಿಷ ಅಕ್ಕ.”

“ವರ್ಷಕ್ಕ ಒಂದ ದಿನ ಸುಮ್ಮನಿರಾಕ ಬಿಡ್ರಿ ಅದನ್ನ. ನಿಮಗೂ ರಜಾ, ಅದಕ್ಕೂ ರಜಾ. ತಗೋರಿ, ಚರುಮುರಿ ತಿನ್ರಿ.”

ನಗು ಬಂತು. ಚುರುಮುರಿಯ ಪೊಟ್ಟಣ ತೆಗೆದುಕೊಂಡೆ, ದಾರ ಕಟ್ಟಿದ ಕೀಬೋರ್ಡಿನ ಒಂದು ಫೋಟೊ ಹೊಡೆದುಕೊಂಡೆ, ಮನೆಗೆ ಬಂದೆ. ಮುಂದಿನ ಸೋಮವಾರದ ತನಕ ಕಾರ್ಖಾನೆಗೂ ರಜೆ, ನಮ್ಮ ತಂಡಕ್ಕೂ ರಜೆ. ಎಚ್ಚರಿಕೆಗಳು ಬರುವ ಮೇಲ್‌ಬಾಕ್ಸನ್ನು ಆ ನಾಲ್ಕು ದಿನ ನಮ್ಮಲ್ಲಿ ಯಾರೂ ತೆರೆಯಲಿಲ್ಲ. ಕಾವಲಿಗೆ ನಾಯಿ ತಂದು ಕಟ್ಟಿ, ಮನೆಯವರೆಲ್ಲ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿದ ಹಾಗೆ.

ಸೋಮವಾರ ಕಾರ್ಖಾನೆ ತೆರೆಯಿತು, ಎಚ್ಚರಿಕೆಗಳ ಸುರಿಮಳೆ ಶುರುವಾಯಿತು. ಹೊಸ ಸರ್ವರ್‌ನಲ್ಲಿ ಅಸಾಮಾನ್ಯ ಲಾಗಿನ್, ಹಳೆಯದರಲ್ಲಿ ಅಸಾಮಾನ್ಯ ಲಾಗಿನ್, ಸ್ಟೋರ್ಸಿನವರು ಬಂದರೂ ಅಸಾಮಾನ್ಯ, ಡಿಸ್ಪ್ಯಾಚಿನವರು ಬಂದರೂ ಅಸಾಮಾನ್ಯ. ಕಾರಣ ಮಧ್ಯಾಹ್ನದ ಹೊತ್ತಿಗೆ ಹೊಳೆಯಿತು. ಒಂದು ವಾರ ಬೀಗ ಹಾಕಿದ ಕಾರ್ಖಾನೆಯನ್ನು ನೋಡಿ ಅದು ಬೀಗ ಹಾಕಿರುವುದೇ ಮಾಮೂಲು ಎಂದು ಕಲಿತಿತ್ತು. ಈಗ ಜನ ಕೆಲಸಕ್ಕೆ ಬಂದದ್ದೇ ಅದಕ್ಕೆ ಅಪರಾಧ. ತಪ್ಪು ನನ್ನದೇ, ಮೈಯೆಲ್ಲ ಉರಿಯಿತು. ಒಂದೊಂದನ್ನೇ ನೋಡಿ, ಇದು ಇಂಥವರು, ಇದು ಇಂಥವರು ಎಂದು ಮುಚ್ಚುತ್ತ ಹೋದೆ. ಎರಡು ದಿನ ಬೇರೆ ಕೆಲಸ ಆಗಲಿಲ್ಲ.

ಆ ರಾಶಿಯ ಅಡಿಯಲ್ಲಿ ಒಂದು ಬೇರೆ ಬಣ್ಣದ್ದು ಸಿಕ್ಕಿತು. ಆಯುಧ ಪೂಜೆಯ ದಿನದ್ದು. ಟೆಸ್ಟ್ ರೂಮಿನ ಐಡಿಯಿಂದ ಹಳೆ ಸರ್ವರಿಗೆ ಲಾಗಿನ್ ಆಗಿ, ಪರೀಕ್ಷಾ ದಾಖಲೆಗಳ ಇಡೀ ಪಟ್ಟಿಯನ್ನು ಒಂದೇ ಏಟಿಗೆ ಓದಿಕೊಂಡು ಹೋಗಿದ್ದರು. ವಾಲ್ವಿನ ಮಾದರಿ, ಗಿರಾಕಿ, ಒತ್ತಡದ ಅಂಕಿ, ಎಲ್ಲ. ಬಂದ ಇಂಟರ್ನೆಟ್ ವಿಳಾಸ ಕಾರ್ಖಾನೆಯದಲ್ಲ. ಅದಾದ ಮೇಲೆ ಸೋಮವಾರದಿಂದ ಅದೇ ಐಡಿಯ ಮೇಲೆ ಇನ್ನೂ ಹತ್ತಾರು ‘ಅಪರಿಚಿತ ಸ್ಥಳ’ದ ಎಚ್ಚರಿಕೆಗಳಿದ್ದವು.

ನಾನು ಎಚ್ಚರಿಕೆಗಳನ್ನೆಲ್ಲ ಒಂದು ಫೈಲಿಗೆ ಇಳಿಸಿಕೊಂಡು ವರದಿ ತಯಾರಿಸಿದೆ. ನಮ್ಮ ಕಂಪನಿಯ ವರದಿಗೆ ಒಂದು ಸಿದ್ಧ ನಮೂನೆ ಇದೆ: ಏನಾಯಿತು, ಯಾವಾಗ, ಯಾವ ಐಡಿ, ಹೊಣೆಗಾರರು. ಫೈಲಿನಲ್ಲಿ ಸಮಯ 06:10 ಎಂದಿತ್ತು. ಐಡಿ ಟೆಸ್ಟ್ ರೂಮಿನದು, ಆ ಐಡಿಯನ್ನು ಬಳಸುವವರು ಒಬ್ಬರೇ. ಕೊನೆಯ ಅಂಕಣದಲ್ಲಿ ಅಕ್ಕನ ಹೆಸರು ಬರೆದೆ. ಅದೊಂದು ಖಾಲಿ ಜಾಗ, ತುಂಬಿದೆ, ಅಷ್ಟೇ. ಬುಧವಾರ ಸಂಜೆ ಮೇಲ್ ಹೋಯಿತು. ಸಮಾಧಾನದಿಂದ ಕಾಫಿ ಕುಡಿದೆ ಎಂಬುದೂ ನೆನಪಿದೆ.

ಗುರುವಾರ ಬೆಳಿಗ್ಗೆ ಮ್ಯಾನೇಜರ್ ಫೋನ್ ಮಾಡಿದರು.

“ಮೇಡಂ, ನಿಮ್ ರಿಪೋರ್ಟ್ ಸಕ್ಕತ್ತಾಗಿತ್ತು. ಆಯಮ್ಮನ್ನ ಕಳಿಸ್ಬಿಟ್ವಿ.”

“ಯಾರನ್ನ ಕಳಿಸಿದ್ರಿ?”

“ಟೆಸ್ಟ್ ರೂಮಿನೋಳನ್ನ ಕಣ್ರೀ. ಗೇಟ್ ರಿಜಿಸ್ಟರ್ ತೆಗ್ಸಿ ನೋಡ್ದೆ. ಪೂಜೆ ದಿನ ಬೆಳಿಗ್ಗೆ ಐದು ಐವತ್ತಕ್ಕೇ ಒಳಗೆ ಬಂದವ್ಳೆ, ಒಬ್ಳೇ. ಆರು ಹತ್ತಕ್ಕೆ ಡೇಟಾ ಹೋಗಿದೆ. ಇನ್ನೇನ್ ಬೇಕು? ಮೊಬೈಲ್ ನೆಟ್ ಹಾಕ್ಕೊಂಡಿರ್ತಾಳೆ, ಅದಕ್ಕೇ ವಿಳಾಸ ಬೇರೆ. ಯಾರೋ ಕಾಂಪಿಟೀಟರ್ ಹಿಡ್ಕೊಂಡಿರ್ಬೇಕು.”

“ನಾನು ಹಾಗೆ ಹೇಳಿಲ್ವಲ್ಲ.”

“ನೀವೇ ಬರ್ದಿದ್ದೀರಲ್ಲ ಮೇಡಂ, ಹೊಣೆಗಾರರು ಅಂತ.”

ಪೀಣ್ಯದಲ್ಲಿ ಕಾಂಟ್ರಾಕ್ಟ್ ಕೆಲಸದವರೊಬ್ಬರನ್ನು ಕಳ್ಳತನದ ಆರೋಪದ ಮೇಲೆ ತೆಗೆದರೆ ಮಾತು ಆ ಗೇಟಿನಲ್ಲೇ ನಿಲ್ಲುವುದಿಲ್ಲ. ಹೆಸರು ಪಕ್ಕದ ಗೇಟುಗಳಿಗೂ ಹೋಗುತ್ತದೆ. ಅಕ್ಕನ ತಂಗಿಯೂ ಅದೇ ಕಾಂಟ್ರಾಕ್ಟರ್ ಹತ್ತಿರ ಜೋಡಣೆ ವಿಭಾಗದಲ್ಲಿದ್ದಳು. ನಾನು ಲ್ಯಾಪ್‌ಟಾಪ್ ಚೀಲಕ್ಕೆ ತುರುಕಿಕೊಂಡು ಮೆಟ್ರೊ ಹತ್ತಿದೆ. ದಾರಿಯುದ್ದಕ್ಕೂ, ಆಕೆ ಮಾಡಿದ್ದರೂ ಮಾಡಿರಬಹುದು, ಯಾರಿಗೆ ಗೊತ್ತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹಾಗಿದ್ದರೆ ನನ್ನ ವರದಿ ಸರಿಯಾಗುತ್ತದಲ್ಲ. ಈಗ ಬರೆಯುವಾಗ ಅದಕ್ಕೆ ನಾಚಿಕೆಯಾಗುತ್ತದೆ.

ಅಕ್ಕ ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ನಿಂತಿದ್ದರು, ಕೈಯಲ್ಲಿ ಊಟದ ಡಬ್ಬಿ. ಒಳಗೆ ಬಿಟ್ಟಿರಲಿಲ್ಲ, ಮನೆಗೂ ಹೋಗಿರಲಿಲ್ಲ.

“ಬಂದ್ರೇನ್ರಿ” ಅಂದರು. “ನಾ ಏನ್ ಕದ್ದೇನಂತ ಯಾರೂ ಹೇಳವಲ್ರು. ಕಂಪ್ಯೂಟರ್ ರಿಪೋರ್ಟ್ ಬಂದೈತಿ ಅಂತಾರ. ನೀವ ಹೇಳ್ರಿ, ಏನ್ ಬಂದೈತಿ?”

ಹೇಳಿದೆ. ಪೂಜೆಯ ದಿನ, ಬೆಳಿಗ್ಗೆ ಆರು ಹತ್ತು, ನಿಮ್ಮ ಐಡಿ.

“ಆರ ಗಂಟೆಕ್ಕ ನಾ ರಂಗೋಲಿ ಹಾಕಾಕತ್ತಿದ್ನಿ. ರೂಮಿನಾಗ ಕರೆಂಟ ಇರಲಿಲ್ರಿ. ಮೇನ್ ಸ್ವಿಚ್ ತಗದಿದ್ರು, ಎಲೆಕ್ಟ್ರಿಷಿಯನ್ ಬಂದು ಹಾಕಿದಾಗ ಏಳೂವರಿ. ಮೊಬೈಲ್ ಬ್ಯಾಟ್ರಿ ಹಿಡಕೊಂಡು ಕಸಾ ಹೊಡದೇನಿ. ಬೇಕಂದ್ರ ಅವನ್ನ ಕೇಳ್ರಿ.”

ಕರೆಂಟಿಲ್ಲದ ಕಂಪ್ಯೂಟರು. ನಾನು ಆ ಎಚ್ಚರಿಕೆಯನ್ನು ಇನ್ನೊಮ್ಮೆ ನೋಡೋಣ ಎಂದು ಅಲ್ಲೇ ನಿಂತು ಮೊಬೈಲಿನಲ್ಲಿ ಕ್ಲೌಡ್ ಪುಟ ತೆರೆದೆ. ಪರದೆಯ ಮೇಲೆ ಸಮಯ 11:40 ಎಂದಿತ್ತು. ಕಣ್ಣುಜ್ಜಿಕೊಂಡೆ. ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಫೈಲ್ ನೋಡಿದೆ, ಅಲ್ಲಿ 06:10. ಒಂದೇ ಎಚ್ಚರಿಕೆ, ಎರಡು ಸಮಯ. ಪರದೆ ನಮ್ಮ ದೇಶದ ಸಮಯ ತೋರಿಸುತ್ತದೆ. ಇಳಿಸಿಕೊಂಡ ಫೈಲಿನಲ್ಲಿ ಗ್ರೀನಿಚ್ ಸಮಯ ಇರುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ. ಹದಿನೆಂಟು ವರ್ಷ ಈ ಕಸುಬು ಮಾಡಿದವಳು ನಾನು, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ ಇದು. ನಾಲಿಗೆ ಕಚ್ಚಿಕೊಂಡೆ.

ಪೂಜೆ ದಿನದ ಫೋಟೊ ತೆಗೆದು ನೋಡಿದೆ. ಅರಿಶಿನ ದಾರ, ಸೇವಂತಿಗೆ, ನೆಲದ ಮೇಲೆ ಕಿತ್ತಿಟ್ಟ ಪ್ಲಗ್ಗು, ಮೂಲೆಯಲ್ಲಿ ಅಕ್ಕನ ಸೀರೆಯ ಅಂಚು. ಫೋಟೊ ಹೊಡೆದ ಹೊತ್ತು ಹನ್ನೊಂದು ಮೂವತ್ತೆಂಟು. ಅದಾದ ಎರಡು ನಿಮಿಷಕ್ಕೆ ಯಾರೋ ಎಲ್ಲಿಂದಲೋ ಅಕ್ಕನ ಹೆಸರಲ್ಲಿ ದಾಖಲೆ ಓದುತ್ತಿದ್ದಾಗ, ಅಕ್ಕ ನನ್ನ ಮುಂದೆ ನಿಂತು ಚುರುಮುರಿ ಹಂಚುತ್ತಿದ್ದರು.

“ಅಕ್ಕ, ನೀವಿಲ್ಲೇ ಇರಿ” ಎಂದು ಒಳಗೆ ಹೋದೆ.

ಮ್ಯಾನೇಜರ್ ಕೆಟ್ಟವರೇನಲ್ಲ. ಫೋಟೊ ನೋಡಿದರು, ಎರಡು ಸಮಯಗಳನ್ನೂ ನೋಡಿದರು, ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಆದರೆ ಒಮ್ಮೆ ತೀರ್ಮಾನ ಮಾಡಿದವರಿಗೆ ಹಿಂದೆ ಬರುವುದು ಕಷ್ಟ.

“ಸರಿ, ಅವ್ಳು ಮಾಡಿಲ್ಲ. ಪಾಸ್‌ವರ್ಡ್ ಯಾರಿಗೋ ಕೊಟ್ಟಿರ್ತಾಳೆ. ಸೋಮವಾರದಿಂದ ನೋಡಿ, ಬರೀ ಅವಳ ಐಡಿ ಮೇಲೇ ಎಷ್ಟು ಅಲರ್ಟು. ಪಾಸ್‌ವರ್ಡ್ ಹೇಗಿಟ್ಕೊಂಡಿದ್ಲು ಗೊತ್ತಾ? ಬನ್ನಿ ತೋರಿಸ್ತೀನಿ.”

ಟೆಸ್ಟ್ ರೂಮಿಗೆ ಕರೆದುಕೊಂಡು ಹೋದರು. ಮಾನಿಟರಿನ ಅಂಚಿಗೆ ಒಂದು ಚೀಟಿ ಅಂಟಿಸಿತ್ತು, ಮೇಲೆ ಪಾರದರ್ಶಕ ಟೇಪು. ಐಡಿ, ಅದರ ಕೆಳಗೆ ಪಾಸ್‌ವರ್ಡು: ಪೀಣ್ಯ, ಒಂದು ಎರಡು ಮೂರು, ಇಂಗ್ಲಿಷ್ ಅಕ್ಷರಗಳಲ್ಲಿ.

“ನೋಡಿ, ಜವಾಬ್ದಾರಿನೇ ಇಲ್ಲ” ಅಂದರು.

ಆ ಅಕ್ಷರ ನನ್ನದು. ನನ್ನ ಒಂದು ಎಂಬ ಅಂಕಿಗೆ ಒಂದು ಕೊಕ್ಕೆ ಇರುತ್ತದೆ. ಮೂರು ವರ್ಷದ ಹಿಂದೆ ಹಳೆ ಸರ್ವರ್ ಹಾಕಿಕೊಟ್ಟಾಗ, ಮೇಲಿಂದ ಮೇಲೆ ಫೋನ್ ಬರುತ್ತದೆಂಬ ಕೋಪಕ್ಕೆ ಸುಲಭದ ಪಾಸ್‌ವರ್ಡ್ ಇಟ್ಟು, ಚೀಟಿ ಬರೆದು, “ಇಲ್ಲೇ ಇದೆ ನೋಡ್ಕೊಳ್ಳಿ, ಇನ್ನು ನನ್ನ ಕೇಳಬೇಡಿ” ಅಂತ ನಾನೇ ಅಂಟಿಸಿ ಬಂದಿದ್ದೆ. ಅಕ್ಕ ಅದು ಕಿತ್ತುಹೋಗದಂತೆ ಟೇಪು ಹಾಕಿದ್ದರು, ಅಷ್ಟೇ.

ಮ್ಯಾನೇಜರಿಗೆ ಅದನ್ನು ಆಗಲೇ ಹೇಳಲಿಲ್ಲ. ಒಂದು ಕುರ್ಚಿ ಕೇಳಿ ತೆಗೆದುಕೊಂಡು ಟೆಸ್ಟ್ ರೂಮಿನ ಮೂಲೆಯಲ್ಲಿ ಕೂತೆ. ಹೊರಗಿನವರಿಗೆ ಪಾಸ್‌ವರ್ಡ್ ಯಾರೋ ಕೊಟ್ಟಿದ್ದರೆ ಅವರು ಒಂದೇ ಸಲಕ್ಕೆ ಒಳಗೆ ಬಂದಿರಬೇಕು. ಊಹಿಸಿ ಬಂದಿದ್ದರೆ ತಪ್ಪು ಪ್ರಯತ್ನಗಳ ಗುರುತು ಇರಲೇಬೇಕು. ಅಂಥ ಗುರುತು ಒಂದೂ ಕಾಣಲಿಲ್ಲವಲ್ಲ ಅಂದುಕೊಂಡೆ. ಆಮೇಲೆ ನೆನಪಾಯಿತು, ಕಾಣದಂತೆ ಮಾಡಿದವಳು ನಾನೇ. ಲೇಬಲ್ ಕಂಪ್ಯೂಟರಿನ ಕಾಟಕ್ಕೆ ಬರೆದ ನಿಯಮ.

ಮುಚ್ಚಿಹಾಕಿದವನ್ನೂ ತೋರಿಸು ಎಂದು ಪಟ್ಟಿಯನ್ನು ಬದಲಿಸಿದೆ. ಪರದೆ ತುಂಬಿತು. ಲೇಬಲ್ ಕಂಪ್ಯೂಟರಿನವು ನಿಮಿಷಕ್ಕೊಂದರಂತೆ ಇದ್ದವು. ಅವುಗಳ ನಡುವೆ ಬೇರೆ ವಿಳಾಸದಿಂದ, ಪೂಜೆ ದಿನ ಬಂದದ್ದೇ ಆ ವಿಳಾಸದಿಂದ, ಸೆಕೆಂಡಿಗೆ ಹಲವಾರು ಪ್ರಯತ್ನಗಳು. ಸರ್ವರ್‌ನ ಸ್ವಂತ ದಾಖಲೆಯನ್ನೂ ಇಳಿಸಿಕೊಂಡು, ಈ ಸಲ ಸಮಯವನ್ನು ಎರಡೆರಡು ಸಲ ಪರಿವರ್ತಿಸಿ ನೋಡಿದೆ. ಭಾನುವಾರದಿಂದ ಬುಧವಾರದ ತನಕ ಸತತವಾಗಿ ಊಹಿಸಿದ್ದಾರೆ. ಪೂಜೆಯ ಬುಧವಾರ ಹನ್ನೊಂದು ನಲವತ್ತಕ್ಕೆ ಪೀಣ್ಯ ಒಂದು ಎರಡು ಮೂರು ಹೊಂದಿಕೊಂಡಿದೆ. ಕಾರ್ಖಾನೆಯ ಯಾರೂ ಯಾರಿಗೂ ಏನನ್ನೂ ಕೊಟ್ಟಿರಲಿಲ್ಲ.

ಇನ್ನೊಂದು ಪ್ರಶ್ನೆ ಉಳಿದಿತ್ತು. ಹೊರಗಿನವರು ಈ ಸರ್ವರ್‌ನ ಬಾಗಿಲ ತನಕವಾದರೂ ಹೇಗೆ ಬಂದರು? ಕಾರ್ಖಾನೆಯ ವಿಳಾಸ ಬಿಟ್ಟು ಬೇರೆ ಯಾವುದನ್ನೂ ಬಿಡಬಾರದು ಎಂಬ ಫೈರ್‌ವಾಲ್ ನಿಯಮ ಇರಬೇಕಿತ್ತು. ಇತ್ತು. ಅದರ ಕೆಳಗೆ ಇನ್ನೊಂದಿತ್ತು, ಎಲ್ಲಿಂದ ಬಂದರೂ ಬಿಡು ಎನ್ನುವಂಥದ್ದು. ಆ ನಿಯಮದ ಹೆಸರು ‘ತಾತ್ಕಾಲಿಕ, ಎರಡು ದಿನ’, ಕೊನೆಯಲ್ಲಿ ನನ್ನ ಇನಿಶಿಯಲ್ಲು. ಮೂರು ವರ್ಷದ ಹಿಂದೆ ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿ, ಕಾರ್ಖಾನೆಗೆ ಬೇರೆ ಇಂಟರ್ನೆಟ್ ಲೈನ್ ಹಾಕಿಸಿದಾಗ, ವಿಳಾಸ ಗೊತ್ತಾಗುವ ತನಕ ಕೆಲಸ ನಿಲ್ಲದಿರಲಿ ಅಂತ ತೆರೆದದ್ದು. ಆ ಎರಡು ದಿನ ಇನ್ನೂ ಮುಗಿದಿರಲಿಲ್ಲ.

ಬಾಗಿಲು ತೆರೆದಿಟ್ಟವಳು ನಾನು, ಕೀಲಿಯನ್ನು ಹಗುರವಾಗಿ ಮಾಡಿದವಳು ನಾನು, ಬಾಗಿಲು ಬಡಿದ ಸದ್ದಿಗೆ ಬಾಯಿ ಮುಚ್ಚು ಎಂದವಳು ನಾನು. ಸೋಮವಾರದಿಂದ ಅಕ್ಕನ ಐಡಿಯ ಮೇಲೆ ಬಂದ ‘ಅಪರಿಚಿತ ಸ್ಥಳ’ ಯಾವುದು ಎಂದು ಈಗ ನೋಡಿದೆ. ಅದು ಇದೇ ಟೆಸ್ಟ್ ರೂಮು. ರಜೆಯ ವಾರದಲ್ಲಿ ಆ ಐಡಿಯಿಂದ ಬಂದಿದ್ದವನು ಆ ಹೊರಗಿನವನೊಬ್ಬನೇ, ಆದ್ದರಿಂದ ನಮ್ಮ ಕಾವಲುನಾಯಿ ಅವನನ್ನೇ ಮನೆಯವನೆಂದು ಕಲಿತುಕೊಂಡಿತ್ತು. ಏಳು ವರ್ಷದಿಂದ ಅಲ್ಲಿ ಕೂತವರು ಅದರ ಪಾಲಿಗೆ ಹೊಸಬರಾಗಿದ್ದರು.

ತುರ್ತಿನ ಕೆಲಸ ಮೊದಲು ಮಾಡಿದೆ. ಎಲ್ಲಿಂದ ಬಂದರೂ ಬಿಡುವ ನಿಯಮ ಅಳಿಸಿದೆ. ಟೆಸ್ಟ್ ರೂಮಿನ ಐಡಿಯನ್ನು ಸ್ಥಗಿತ ಮಾಡಿದೆ. ಲೇಬಲ್ ಕಂಪ್ಯೂಟರಿನ ಪಾಸ್‌ವರ್ಡ್ ಸರಿಪಡಿಸಿದೆ, ಅದಕ್ಕೆ ಹಿಡಿದದ್ದು ನಾಲ್ಕು ನಿಮಿಷ. ಮುಚ್ಚಿಹಾಕುವ ನಿಯಮವನ್ನು ಕಿತ್ತು ಹಾಕಿದೆ. ದಾಖಲೆಗಳಲ್ಲಿ ಯಾವ ಅಂಕಿಯೂ ಬದಲಾಗಿಲ್ಲ, ಓದಿಕೊಂಡು ಹೋಗಿದ್ದಾರೆ ಅಷ್ಟೇ ಎಂದು ಬ್ಯಾಕಪ್ ಜೊತೆ ಹೋಲಿಸಿ ಖಚಿತ ಮಾಡಿಕೊಂಡೆ. ಬಾಯ್ಲರ್ ವಾಲ್ವಿನ ಅಂಕಿ ತಿದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲು ಹೋಗಲಿಲ್ಲ.

ಆಮೇಲೆ ನನ್ನ ಬಾಸಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ತಿದ್ದಿದ ವರದಿ ಕಳ್ಸು. ಹೊಣೆಗಾರರು ಅನ್ನೋ ಕಡೆ ‘ಸಿಸ್ಟಂ ಕಾನ್ಫಿಗರೇಶನ್’ ಅಂತ ಹಾಕು. ಯಾರ ಹೆಸರೂ ಬೇಡ.”

“ಮೊದಲನೇ ವರದಿಲಿ ಒಬ್ಬರ ಹೆಸರಿತ್ತಲ್ಲ ಸಾರ್.”

“ಅದು ಬೇರೆ ಕಣಮ್ಮ. ಕಸ್ಟಮರ್ ಹೋದ್ರೆ ನಮ್ ತಲೆ ಮೇಲೆ ಬರತ್ತೆ. ನಿನ್ನ ಅಪ್ರೈಸಲ್ ಹತ್ರ ಇದೆ, ಹುಡುಗಾಟ ಆಡ್ಬೇಡ.”

ಟೆಸ್ಟ್ ರೂಮಿನ ಕಿಟಕಿಯಿಂದ ಗೇಟು ಕಾಣುತ್ತದೆ. ಅಕ್ಕ ಈಗ ಮರದ ಕೆಳಗೆ ಕೂತಿದ್ದರು, ಡಬ್ಬಿ ತೆರೆದಿರಲಿಲ್ಲ. ಮಾತು ಸರಿಯಾಗಿಯೇ ಇತ್ತು, ಬಾಸು ನನ್ನ ಒಳ್ಳೆಯದಕ್ಕೇ ಹೇಳಿದ್ದರು. ಆದರೆ ‘ಸಿಸ್ಟಂ ಕಾನ್ಫಿಗರೇಶನ್’ ಎಂದು ಬರೆದರೆ ಮ್ಯಾನೇಜರ್ ಏನನ್ನುತ್ತಾರೆ ಎಂದು ನನಗೆ ಗೊತ್ತಿತ್ತು. ಸಿಸ್ಟಮ್ಮಿನದೂ ತಪ್ಪಿದೆ, ಆಯಮ್ಮನದೂ ಇದೆ, ಯಾಕೆ ರಿಸ್ಕು ಅನ್ನುತ್ತಾರೆ. ಒಂದು ಹೆಸರು ಬರೆದ ಜಾಗದಲ್ಲಿ ಇನ್ನೊಂದು ಹೆಸರು ಬರೆಯದೆ ಮೊದಲಿನದು ಅಳಿಯುವುದಿಲ್ಲ. ಆ ಅಂಕಣದಲ್ಲಿ ನನ್ನ ಪೂರ್ತಿ ಹೆಸರು ಬರೆದೆ. ಕೆಳಗೆ ಮೂರು ಸಾಲು: ಬಾಗಿಲು ತೆರೆದಿಟ್ಟದ್ದು, ಚೀಟಿ, ಮುಚ್ಚಿದ ಎಚ್ಚರಿಕೆಗಳು. ಹಿಂದಿನ ವರದಿಯಲ್ಲಿ ಹೆಸರಿಸಿದ ವ್ಯಕ್ತಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ ಎಂದು ಸೇರಿಸಿ, ಬಾಸಿಗೂ ಮ್ಯಾನೇಜರಿಗೂ ಕಾರ್ಖಾನೆಯ ಮಾಲೀಕರಿಗೂ ಒಟ್ಟಿಗೇ ಕಳಿಸಿದೆ. ಒಬ್ಬೊಬ್ಬರಿಗೆ ಕಳಿಸಿದರೆ ಎಲ್ಲಾದರೂ ಒಂದು ಕಡೆ ನಿಂತುಬಿಡುತ್ತದೆ.

ಮಾಲೀಕರು ಹಿಂದೆ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ಶುಕ್ರವಾರ ನನ್ನನ್ನು ಕರೆಸಿ, ವರದಿಯ ಪ್ರತಿ ಸಾಲನ್ನೂ ಬೆರಳಿಟ್ಟು ಓದಿಸಿದರು. ಫೋಟೊವನ್ನು ದೊಡ್ಡದು ಮಾಡಿ ಪ್ಲಗ್ಗು ನೋಡಿದರು. ಎಲೆಕ್ಟ್ರಿಷಿಯನ್ನನ್ನು ಕರೆಸಿ ಮೇನ್ ಸ್ವಿಚ್ಚಿನ ಸಮಯ ಕೇಳಿದರು. ನನಗೆ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. “ಗೇಜು ತಪ್ಪು ತೋರಿಸಿದ್ರೆ ಗೇಜಿನ ಮೇಲೆ ನಾವು ಕೇಸು ಹಾಕಲ್ಲಮ್ಮ, ಅದನ್ನ ಹೊಂದ್ಸಿ ಕ್ಯಾಲಿಬ್ರೇಟ್ ಮಾಡ್ದೋನನ್ನ ಕರೀತೀವಿ” ಅಂದರು. ಮ್ಯಾನೇಜರಿಗೆ ಸೋಮವಾರದಿಂದ ಆಕೆಯನ್ನು ಒಳಗೆ ಕರೆದುಕೊಳ್ಳುವಂತೆ ಹೇಳಿದರು. ಕಾಯಂ ಪಟ್ಟಿಯಲ್ಲಿ ಹೆಸರು ಇದ್ದಲ್ಲೇ ಇರಲಿ ಎಂದೂ ಹೇಳಿದರು. ಪ್ರಶ್ನಾವಳಿಯಲ್ಲಿ ಬೆದರಿಕೆ ಪತ್ತೆ ಎಂಬಲ್ಲಿ ‘ಹೌದು’ ಆಯಿತು. ಅದರ ಮುಂದಿನ ಪುಟದಲ್ಲಿ, ಇತ್ತೀಚೆಗೆ ಯಾವುದಾದರೂ ಅತಿಕ್ರಮಣ ನಡೆದಿದೆಯೇ ಎಂಬಲ್ಲಿಯೂ ‘ಹೌದು’ ಎಂದೇ ಬರೆಯಬೇಕಾಯಿತು. ಗಿರಾಕಿಯವರು ಬಿಟ್ಟು ಹೋಗಲಿಲ್ಲ, ಇನ್ನೂ ನಲವತ್ತು ಪ್ರಶ್ನೆ ಕಳಿಸಿದರು. ನನ್ನ ಅಪ್ರೈಸಲ್ ಏನಾಯಿತು ಎಂದು ಬರೆಯುವಂಥದ್ದೇನಿಲ್ಲ.

ಸೋಮವಾರ ಬೆಳಿಗ್ಗೆ ಕಾರ್ಖಾನೆಗೆ ಹೋದೆ. ಕಲಿಕೆಯನ್ನು ಅಳಿಸಿ ಹೊಸದಾಗಿ ಶುರು ಮಾಡಬೇಕಿತ್ತು, ಈ ಸಲ ಕಾರ್ಖಾನೆ ಪೂರ್ತಿ ನಡೆಯುತ್ತಿರುವಾಗ. ಟೆಸ್ಟ್ ರೂಮಿಗೆ ಹೊಸ ಪಾಸ್‌ವರ್ಡೂ ಇಡಬೇಕಿತ್ತು. ಅಕ್ಕ ಬೆಂಚಿನ ಮೇಲೆ ಒಂದು ವಾಲ್ವ್ ಕೂರಿಸಿ ಬೋಲ್ಟು ಬಿಗಿಯುತ್ತಿದ್ದರು. ನನ್ನನ್ನು ನೋಡಿ ತಲೆಯಾಡಿಸಿದರು, ಕೆಲಸ ನಿಲ್ಲಿಸಲಿಲ್ಲ.

ಹೇಳದೆ ಇರಲಾಗಲಿಲ್ಲ. “ಅಕ್ಕ, ಮೊದಲನೇ ವರದಿಲಿ ನಿಮ್ಮ ಹೆಸರು ಬರೆದಿದ್ದು ನಾನೇ. ಸಮಯ ತಪ್ಪು ಓದಿದೆ. ಆ ಚೀಟಿನೂ ನಂದೇ. ನನ್ನಿಂದ ತಪ್ಪಾಯ್ತು.”

ಸ್ಪ್ಯಾನರ್ ಕೆಳಗಿಟ್ಟರು. “ಗೊತ್ತೈತ್ರಿ. ಮ್ಯಾನೇಜರ್ ಸರ ಹೇಳಿದ್ರು. ಆಮ್ಯಾಲ ನಿಮ್ಮ ಹೆಸರ ನೀವ ಬರಕೊಂಡ್ರೀ ಅಂತನೂ ಹೇಳಿದ್ರು.” ಬಟ್ಟೆಯಿಂದ ಕೈ ಒರೆಸಿಕೊಂಡರು. “ನೀವ ಬರದ್ರಿ, ನೀವ ಅಳಿಸಿದ್ರಿ. ನಾ ಎರಡ ದಿನ ಗೇಟಿನ ಹೊರಗ ನಿಂತಿದ್ನೆಲ್ರಿ, ಪಾಳಿ ಬಿಟ್ಟು ಹೋಗವರೆಲ್ಲ ನನ್ನ ನೋಡಕೋಂತ ಹೋದ್ರು. ನನ್ನ ತಂಗಿ ತಲಿ ಬಗ್ಗಿಸ್ಕೊಂಡು ಒಳಗ ಹೋದ್ಲು. ಅದನ್ನ ಹ್ಯಾಂಗ ಅಳಸ್ತೀರಿ?”

ಅವರು ಉತ್ತರಕ್ಕೆ ಕಾಯಲಿಲ್ಲ. ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತರು. ಮಾನಿಟರಿನ ಅಂಚಿನಲ್ಲಿ ಚೀಟಿ ಇರಲಿಲ್ಲ, ಟೇಪಿನ ಅಂಟು ಮಾತ್ರ ಉಳಿದಿತ್ತು. ನಾನು ಹೊಸ ಪಾಸ್‌ವರ್ಡ್ ಇಡುವ ಪುಟ ತೆರೆದುಕೊಟ್ಟು, ಪಕ್ಕದಲ್ಲಿ ಬಗ್ಗಿ ನಿಂತು ಹೇಳಿದೆ, ಉದ್ದವಾಗಿರಲಿ, ಊರಿನ ಹೆಸರು ಬೇಡ, ನಿಮಗೆ ಮಾತ್ರ ಗೊತ್ತಿರುವಂಥದ್ದಿರಲಿ.

ಅಕ್ಕ ಕೀಬೋರ್ಡಿನ ಮೇಲೆ ಬೆರಳಿಟ್ಟು ಹಾಗೇ ನಿಲ್ಲಿಸಿದರು. ನನ್ನ ಕಡೆ ತಿರುಗಿದರು.

“ಮೇಡಮ್ಮಾರ, ಮುಖ ಸ್ವಲ್ಪ ಆ ಕಡೆ ಮಾಡ್ರಿ.”

ನಾನು ಗೋಡೆಯ ಕಡೆ ತಿರುಗಿ ನಿಂತೆ. ಹಿಂದೆ ಕೀಲಿಗಳ ಸದ್ದು ನಿಲ್ಲುವ ತನಕ ಅಲ್ಲೇ ನಿಂತಿದ್ದೆ.